ಕೊಂಡವನೂ ಒಡೆಯನೂ

ಒಂದು ವಸ್ತುವನ್ನು ಕೊಂಡವನೆಲ್ಲ ಅದರ ಒಡೆಯನಾಗುತ್ತಾನೆಯೆ? ನ್ಯಾಯಾಲಯದಲ್ಲಿ ಕೇಳಿದರೆ, ಆಗುತ್ತಾನೆ. ರಸೀತಿ ಅವನ ಹೆಸರಿನಲ್ಲಿದೆ, ಹಣ ಅವನ ಜೇಬಿನಿಂದ ಹೋಗಿದೆ, ಇನ್ನೇನು ಬೇಕು? ಆದರೆ ಇದೇ ಪ್ರಶ್ನೆಯನ್ನು ಕಚೇರಿಯ ಹೊತ್ತು ಮೀರುತ್ತಿರುವಾಗ, ಹತ್ತು ಸಲ ಒದ್ದರೂ ಹೊರಡದ ಸ್ಕೂಟರಿನ ಮುಂದೆ ನಿಂತು ಕೇಳಿಕೊಂಡರೆ ಉತ್ತರ ಅಷ್ಟು ಧೈರ್ಯವಾಗಿ ಬರಲಾರದು. ಅಂಥ ಹೊತ್ತಿನಲ್ಲಿ ಯಾರು ಯಾರಿಗೆ ಒಡೆಯರು ಎಂಬುದು ಸ್ಪಷ್ಟವಾಗಿಯೇ ಇರುತ್ತದೆ. ಅದು ನಮಗೆ ಗೌರವ ತರುವ ಸಂಗತಿಯಲ್ಲ, ಅಷ್ಟೆ.

ನಾನು ಯಂತ್ರಶಾಸ್ತ್ರವನ್ನು ಓದಿದವನಲ್ಲ. ಶಿವಮೊಗ್ಗದಲ್ಲಿ ಬಹುಕಾಲ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಈ ವಿಷಯದಲ್ಲಿ ಮಾತನಾಡಲು ನನಗಿರುವ ಅಧಿಕಾರವೆಲ್ಲ 1988ರಲ್ಲಿ ಕೊಂಡ ಒಂದು ಚೇತಕ್ ಸ್ಕೂಟರಿನಿಂದ ಬಂದುದು. ಅದು ಇಂದಿಗೂ ನನ್ನ ಮನೆಯಲ್ಲಿದೆ. ಇದೆ ಎಂದರೆ ನೋಡುವುದಕ್ಕೆ ಇದೆಯೆಂದಲ್ಲ, ಒದ್ದರೆ ಹೊರಡುತ್ತದೆ. ಸ್ವಂತ ವಾಹನಕ್ಕೆ ಮೊದಲ ನೋಂದಣಿ ಹದಿನೈದು ವರ್ಷಗಳಿಗೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಅದನ್ನು ಸಾರಿಗೆ ಕಚೇರಿಯವರ ಮುಂದೆ ನಿಲ್ಲಿಸಿ, ಇನ್ನೂ ಓಡಲು ಯೋಗ್ಯವಾಗಿದೆ ಎನಿಸಿಕೊಂಡು ಬರಬೇಕು. 2003, 2008, 2013, 2018, 2023: ಐದು ಸಲ ಅದು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ. ಪಿಂಚಣಿಯವನಾದ ನಾನು ವರ್ಷಕ್ಕೊಮ್ಮೆ ಬದುಕಿದ್ದೇನೆಂದು ಪ್ರಮಾಣಪತ್ರ ಕೊಡುತ್ತೇನೆ. ನನ್ನ ಸ್ಕೂಟರಿಗೆ ಐದು ವರ್ಷಕ್ಕೊಮ್ಮೆ ಕೊಟ್ಟರೆ ಸಾಕು. ಸರಕಾರಕ್ಕೆ ನನಗಿಂತ ಅದರ ಆಯುಸ್ಸಿನಲ್ಲಿ ನಂಬಿಕೆ ಹೆಚ್ಚೆಂದು ತೋರುತ್ತದೆ.

ಈ ದೀರ್ಘ ಸಹವಾಸದಿಂದ ನನ್ನಲ್ಲಿ ಬಲಿತಿರುವ ಅಭಿಪ್ರಾಯ ಒಂದೇ: ಹಣ ಕೊಟ್ಟು ತಂದ ಯಂತ್ರ ನಮ್ಮದಾಗುವುದು ಅದನ್ನು ಬಿಚ್ಚಿ, ನೋಡಿ, ತಿಳಿದು, ಮತ್ತೆ ಜೋಡಿಸಿದ ದಿನ. ಅದಕ್ಕೆ ಎಡೆಯಿಲ್ಲದ ವಸ್ತುವನ್ನು ನಾವು ಕೊಂಡಿಲ್ಲ. ದೊಡ್ಡ ಮೊತ್ತದ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟು ತಂದಿದ್ದೇವೆ. ಇದು ಮುದುಕನೊಬ್ಬನ ಹಳೆಯ ಗಾಡಿಯ ಮೋಹವೆಂದು ಓದುಗರು ತಳ್ಳಿಹಾಕಬಾರದು. ಇದು ನಮ್ಮ ವಿದ್ಯಾಭ್ಯಾಸಕ್ಕೂ ನಮ್ಮ ಸ್ವಾತಂತ್ರ್ಯಕ್ಕೂ ಸಂಬಂಧಪಟ್ಟ ಮಾತು.

ಮೊದಲು ಈ ಗಾಡಿಯ ವಂಶವನ್ನು ಸ್ವಲ್ಪ ಹೇಳಬೇಕು. ಎರಡನೆಯ ಮಹಾಯುದ್ಧ ಮುಗಿದಾಗ ಇಟಲಿಯ ಪಿಯಾಜಿಯೊ ಕಂಪನಿಗೆ ವಿಮಾನ ಕಟ್ಟುವ ಕೆಲಸವಿರಲಿಲ್ಲ. ಪೊಂಟೆಡೆರಾ ಊರಿನ ಅದರ ಕಾರ್ಖಾನೆ ಬಾಂಬುಗಳಿಗೆ ಸಿಕ್ಕಿ ಹಾಳಾಗಿತ್ತು. ಜನಕ್ಕೆ ಅಗ್ಗವಾದ ಒಂದು ವಾಹನ ಬೇಕಾಗಿತ್ತು. ಅದನ್ನು ರೂಪಿಸುವ ಹೊಣೆ ಕೊರಾಡಿನೊ ದಸ್ಕಾನಿಯೊ ಎಂಬ ವಿಮಾನದ ಎಂಜಿನಿಯರನ ಮೇಲೆ ಬಿತ್ತು. ಈತನಿಗೆ ಮೋಟಾರು ಸೈಕಲ್ಲೆಂದರೆ ಆಗುತ್ತಿರಲಿಲ್ಲ. ಅದರ ಸರಪಣಿ ಬಟ್ಟೆಗೆ ಎಣ್ಣೆ ಮೆತ್ತುತ್ತದೆ. ಪಂಕ್ಚರಾದರೆ ಚಕ್ರ ಕಳಚುವುದು ಮಹಾಕಷ್ಟ. ಆದುದರಿಂದ ಅವನು ಸರಪಣಿಯನ್ನೇ ಕಿತ್ತುಹಾಕಿ ಎಂಜಿನನ್ನು ಹಿಂದಿನ ಚಕ್ರದ ಮಗ್ಗುಲಲ್ಲಿ ಕೂರಿಸಿದ. ಮುಂದಿನ ಚಕ್ರವನ್ನು, ವಿಮಾನದ ಚಕ್ರದಂತೆ, ಒಂದೇ ಪಕ್ಕದಿಂದ ಹಿಡಿದು ನಿಲ್ಲಿಸಿದ. 1946ರಲ್ಲಿ ಹೊರಬಂದ ಆ ಗಾಡಿಯೇ ವೆಸ್ಪ. ಇಟಾಲಿಯನ್ ಭಾಷೆಯಲ್ಲಿ ಆ ಮಾತಿಗೆ ಕಣಜವೆಂದು ಅರ್ಥ. ಇಲ್ಲಿ ನಾವು ಗಮನಿಸಬೇಕಾದುದೇನೆಂದರೆ, ಗಾಡಿ ಕೆಟ್ಟಾಗ ದಾರಿಯಲ್ಲಿ ಒಂಟಿಯಾಗಿ ನಿಲ್ಲುವ ಸಾಮಾನ್ಯ ಮನುಷ್ಯನನ್ನು ಅದನ್ನು ರೂಪಿಸಿದವನು ಕಾಗದದ ಮೇಲೆ ಗೆರೆ ಎಳೆಯುವಾಗಲೇ ನೆನೆದಿದ್ದ. ರಿಪೇರಿ ಆಮೇಲೆ ಬಂದ ಚಿಂತೆಯಾಗಿರಲಿಲ್ಲ.

ಇದೇ ವೆಸ್ಪ ಪಿಯಾಜಿಯೊ ಕಂಪನಿಯ ಪರವಾನಗಿಯ ಮೇಲೆ 1960ರ ದಶಕದಲ್ಲಿ ನಮ್ಮ ದೇಶದಲ್ಲಿ ಬಜಾಜ್ ಎಂಬ ಹೆಸರು ಹೊತ್ತು ತಯಾರಾಯಿತು. ಅದರ ಎದುರಾಳಿಯಾದ ಲ್ಯಾಂಬ್ರೆಟಾ ಮುಂಬಯಿಯಲ್ಲಿ ಅದಕ್ಕೂ ಮೊದಲೇ ಕಾಲಿಟ್ಟಿತ್ತು. 1971ರಲ್ಲಿ ಇಟಲಿಯವರೊಡನೆ ಒಪ್ಪಂದ ಮುಗಿಯಿತು. 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರಿನಿಂದ ಚೇತಕ್ ಬಂತು. ಅಂದು ಸ್ಕೂಟರಿಗೆ ಹಣ ಕಟ್ಟಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಹಾಗೆ ಕಾದು ಪಡೆದುದನ್ನು ಜನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಪಾಡಿದರು. ಆ ತಲೆಮಾರಿನವರು ನಮಗಿಂತ ಸದ್ಗುಣಿಗಳಾಗಿದ್ದರೆಂದು ನಾನು ಹೇಳುತ್ತಿಲ್ಲ. ಇನ್ನೊಂದು ಸಿಕ್ಕುವ ಹಾಗಿರಲಿಲ್ಲ, ಆದುದರಿಂದ ಇದ್ದುದನ್ನು ರಿಪೇರಿ ಮಾಡಿಕೊಂಡರು. ಅಭಾವ ಕಲಿಸಿದ ಪಾಠವದು. ಅಭಾವ ಹೋದದ್ದು ಒಳ್ಳೆಯದೇ ಆಯಿತು. ಆದರೆ ಅದರೊಡನೆ ಪಾಠವೂ ಹೋಗಬೇಕಾಗಿರಲಿಲ್ಲ. ಅಂದು ನಿರ್ಬಂಧದಿಂದ ಮಾಡಿದುದನ್ನು ಇಂದು ವಿವೇಕದಿಂದ ಮಾಡಲು ಸಾಧ್ಯವೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಮನೆಯಲ್ಲಿ ಮಾಡಿಕೊಳ್ಳಬಹುದಾದ ಕೆಲಸವಾದರೂ ಎಷ್ಟು? ನೋಡೋಣ. ಈ ಗಾಡಿಯ ಎಂಜಿನಿಗೆ ಪೆಟ್ರೋಲಿನೊಡನೆ ಎಣ್ಣೆಯನ್ನೂ ಬೆರಸಿ ಕುಡಿಸಬೇಕು. ಲೀಟರಿಗೆ 20 ಮಿಲಿಲೀಟರಿನಷ್ಟು. ಕಡಿಮೆಯಾದರೆ ಒಳಗಿನ ಪಿಸ್ಟನ್ನು ಬಿಸಿಯೇರಿ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಹೊಗೆ, ಮಸಿ. ಗಾಡಿ ನಿಲ್ಲಿಸಿದಾಗ ಪೆಟ್ರೋಲಿನ ನಲ್ಲಿಯನ್ನು ಮುಚ್ಚಬೇಕು. ಎಡಗೈಯ ಹಿಡಿಯಲ್ಲೇ ಕ್ಲಚ್ಚೂ ಗೇರೂ ಇರುವುದರಿಂದ ಅಲ್ಲಿಂದ ಹೊರಟ ತಂತಿಗಳು ಗಾಡಿಯ ಹೊಟ್ಟೆಯೊಳಗೆ ಹಾಯ್ದು ಹಿಂದಿನ ಎಂಜಿನಿಗೆ ಸೇರುತ್ತವೆ. ಆ ಕೇಬಲ್ಲುಗಳ ಎಳೆ ಒಂದೊಂದಾಗಿ ಬಿಚ್ಚಿಕೊಳ್ಳುವುದನ್ನು ಮೊದಲೇ ಕಂಡು ಬದಲಾಯಿಸಿದವನು ನಡುದಾರಿಯಲ್ಲಿ ನಿಲ್ಲುವುದಿಲ್ಲ. ಗೇರಿನ ಪೆಟ್ಟಿಗೆಯಲ್ಲಿ ಕಾಲು ಲೀಟರಿನಷ್ಟು ಎಣ್ಣೆ ಇರುತ್ತದೆ; ಅದನ್ನು ಆಗಾಗ ಇಳಿಸಿ ಹೊಸದನ್ನು ತುಂಬಲು ಒಂದು ಸ್ಪ್ಯಾನರು, ಒಂದು ಹಳೆಯ ಬೋಗುಣಿ ಸಾಕು. ಸೈಲೆನ್ಸರಿನಲ್ಲಿ ಮಸಿ ಕಟ್ಟಿಕೊಂಡರೆ ಗಾಡಿಗೆ ಉಬ್ಬಸ ಹಿಡಿದಂತಾಗಿ ಏರು ಹತ್ತಲಾರದು. ಅದನ್ನು ಕಳಚಿ ಶುದ್ಧಮಾಡಬೇಕು.

ಚಕ್ರದ ವಿಷಯವಂತೂ ಇನ್ನೂ ಸುಲಭ. ಹಿಂದಿನದೂ ಮುಂದಿನದೂ ಒಂದೇ ಅಳತೆಯವು. ಜೊತೆಯಲ್ಲಿ ಒಯ್ಯುವ ಸ್ಟೆಪ್ನಿ ಎರಡಕ್ಕೂ ಸಲ್ಲುತ್ತದೆ. ಅದರ ರಿಮ್ಮು ಎರಡು ಹೋಳಾಗಿ ಬಿಚ್ಚಿಕೊಳ್ಳುವುದರಿಂದ ಟೈರನ್ನು ಮೀಟಿ ಎಬ್ಬಿಸುವ ಗೋಜಿಲ್ಲ. ಗಾಳಿಯನ್ನು ಪೂರ್ತಿಯಾಗಿ ಬಿಟ್ಟಮೇಲೆ ಮಾತ್ರ ಅದರ ನಟ್ಟುಗಳಿಗೆ ಕೈಹಾಕಬೇಕೆಂಬ ಎಚ್ಚರಿಕೆ ಇದ್ದರಾಯಿತು. ನನ್ನ ಮೊಮ್ಮಗಳು ಹದಿನಾಲ್ಕನೆಯ ವಯಸ್ಸಿನಲ್ಲಿ ಸ್ಟೆಪ್ನಿ ಹಾಕುವುದನ್ನು ಕಲಿತಳು. ಅವಳಿಗೆ ಇನ್ನೂ ಗಾಡಿ ಓಡಿಸುವ ವಯಸ್ಸಾಗಿರಲಿಲ್ಲ. "ಅಜ್ಜ, ಓಡಿಸೋಕೆ ಮಾತ್ರ ಲೈಸೆನ್ಸು ಬೇಕು, ಬಿಚ್ಚೋಕೆ ಬೇಡ ಅಲ್ಲವಾ?" ಎಂದು ಕೇಳಿದಳು. ಆ ಮಾತಿನಲ್ಲಿ ಅವಳಿಗೆ ತಿಳಿದುದಕ್ಕಿಂತ ಹೆಚ್ಚಿನ ಅರ್ಥವಿದೆಯೆಂದು ನನಗೆ ತೋರಿತು.

ಮಲೆನಾಡಿನ ಅಂಚಿನಲ್ಲಿ ಇರುವವರಿಗೆ ಇದಕ್ಕಿಂತ ದೊಡ್ಡ ಶತ್ರು ಮಳೆ. ಉಕ್ಕಿನ ತಗಡಿನ ಮೈ. ಕಾಲಿಡುವ ಹಲಗೆಯ ಅಡಿಯಲ್ಲಿ ಕೆಸರು ನಿಂತರೆ ತುಕ್ಕು ಗೆದ್ದಲಿನಂತೆ ಸದ್ದಿಲ್ಲದೆ ತಿನ್ನುತ್ತದೆ. ಆಷಾಢದಲ್ಲಿ ಗಾಡಿಯ ಹೊಟ್ಟೆಯನ್ನು ತೊಳೆದು, ಒರಸಿ, ಎಣ್ಣೆ ಸವರುವುದು ಮಾಡಿಗೆ ಹೆಂಚು ಕೈಯಾಡಿಸುವಷ್ಟೇ ಅವಶ್ಯಕವಾದ ಕೆಲಸ. ಇಷ್ಟೆಲ್ಲಕ್ಕೂ ತಿಂಗಳಿಗೆ ಒಂದು ಭಾನುವಾರದ ಬೆಳಗು ಸಾಕು.

ಇವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಪ್ಲಗ್ಗನ್ನು ಕಳಚಿ ನೋಡುವುದು. ಇದನ್ನು ನನಗೆ ಕಲಿಸಿದವರು ನಮ್ಮ ಬೀದಿಯ ಕೊನೆಯಲ್ಲಿ ಅಂಗಡಿ ಇಟ್ಟಿದ್ದ ಹಿರಿಯ ಮೆಕ್ಯಾನಿಕ್ಕರು. ಮೂರನೆಯ ತರಗತಿಗೆ ಶಾಲೆ ಬಿಟ್ಟವರು. "ಪ್ಲಗ್ಗಿನ ತುದಿ ನೋಡಿ ಮೇಷ್ಟ್ರೇ" ಎಂದರು ಅವರು. "ಕಂದುಬಣ್ಣ ಇದ್ರೆ ಗಾಡಿ ಸುಖವಾಗಿದೆ. ಕಪ್ಪಗೆ, ಜಿಡ್ಡು ಜಿಡ್ಡಾಗಿದ್ರೆ ಎಣ್ಣೆ ಹೆಚ್ಚಾಗಿದೆ. ಬೆಳ್ಳಗೆ ಸುಟ್ಟ ಹಂಗಿದ್ರೆ ಪೆಟ್ರೋಲ್ ಸಾಲ್ತಾ ಇಲ್ಲ, ಬಿಸಿ ಜಾಸ್ತಿ ಆಗ್ತಿದೆ." ಉಗುರಿನಷ್ಟು ಲೋಹದ ತುದಿಯನ್ನು ನೋಡಿ ಅವರು ಗಾಡಿಯ ಹಿಂದಿನ ಒಂದು ತಿಂಗಳ ಚರಿತ್ರೆಯನ್ನು ಓದುತ್ತಿದ್ದರು. ಅಂದಿನ ತನಕ ನಾನು ಅಕ್ಷರಸ್ಥ, ಅವರು ಅನಕ್ಷರಸ್ಥರು ಎಂಬುದು ನಮ್ಮ ಸಮಾಜದ ಲೆಕ್ಕವಾಗಿತ್ತು. ಆ ಪ್ಲಗ್ಗಿನ ಮುಂದೆ ಲೆಕ್ಕ ತಿರುಗಿ ನಿಂತಿತು. ಮಸಿಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ತುದಿಗಳ ನಡುವಣ ಅಂತರವನ್ನು ಸುಮಾರು 0.6 ಮಿಲಿಮೀಟರಿಗೆ ಸರಿಪಡಿಸಿ, ಮತ್ತೆ ತಿರುಗಿಸಿ ಕೂರಿಸುವ ಕೆಲಸದಲ್ಲಿ ಇರುವ ಏಕಾಗ್ರತೆ ಹಳಗನ್ನಡದ ಒಂದು ಕಠಿಣ ಪದ್ಯವನ್ನು ಬಿಡಿಸುವುದರಲ್ಲಿ ಇರುವುದಕ್ಕಿಂತ ಕಡಿಮೆಯದಲ್ಲ. ಎರಡನ್ನೂ ಮಾಡಿದವನಾಗಿ ಈ ಮಾತು ಹೇಳುತ್ತಿದ್ದೇನೆ.

ನಮ್ಮ ಸಮಾಜದ ಒಂದು ಹಳೆಯ ರೋಗ ಇಲ್ಲಿ ಬಯಲಾಗುತ್ತದೆ. ಓದಿದವನು ಕೈ ಮಸಿ ಮಾಡಿಕೊಳ್ಳಬಾರದು, ಕೈ ಮಸಿ ಮಾಡಿಕೊಂಡವನು ಓದಬೇಕಾಗಿಲ್ಲ: ಇದು ನಾವು ತಲತಲಾಂತರದಿಂದ ಮಾಡಿಕೊಂಡು ಬಂದ ವಿಂಗಡಣೆ. ಜಾತಿಯಲ್ಲಿ ಮೊದಲಾಗಿ ಅದು ಈಗ ಶಾಲೆಯಲ್ಲಿ ಮುಂದುವರಿದಿದೆ. ಓದಿನಲ್ಲಿ ಹಿಂದೆಬಿದ್ದ ಹುಡುಗನನ್ನು ಗ್ಯಾರೇಜಿಗೆ ಸೇರಿಸುತ್ತೇವೆ. ಮುಂದಿದ್ದವನಿಗೆ ಗ್ಯಾರೇಜಿನ ಬಾಗಿಲನ್ನೇ ತೋರಿಸುವುದಿಲ್ಲ. ಇಬ್ಬರಿಗೂ ಅನ್ಯಾಯವಾಗುತ್ತದೆ. ಗಾಂಧೀಜಿ 1937ರಲ್ಲಿ ವಾರ್ಧಾದ ಶಿಕ್ಷಣ ಸಮ್ಮೇಳನದಲ್ಲಿ ಕೈಕಸುಬಿನ ಮೂಲಕವೇ ವಿದ್ಯೆ ಬರಬೇಕೆಂಬ ಯೋಜನೆಯನ್ನು ಮುಂದಿಟ್ಟುದು ಈ ಬಿರುಕನ್ನು ಮುಚ್ಚುವುದಕ್ಕಾಗಿಯೇ. ಆ ಯೋಜನೆಯನ್ನು ನಾವು ಭಾಷಣಗಳಲ್ಲಿ ಉಳಿಸಿಕೊಂಡು ಶಾಲೆಗಳಲ್ಲಿ ಬಿಟ್ಟುಬಿಟ್ಟೆವು.

ಗಾಂಧೀಜಿ ಯಂತ್ರದ್ವೇಷಿಯೆಂದು ತಿಳಿದವರು ಇನ್ನೊಂದು ಸಂಗತಿಯನ್ನೂ ನೆನೆಯಬೇಕು. 1929ರಲ್ಲಿ ಅಖಿಲ ಭಾರತ ಚರಕಾ ಸಂಘ ಒಂದು ಉತ್ತಮ ಚರಕದ ನಿರ್ಮಾಣಕ್ಕೆ ಒಂದು ಲಕ್ಷ ರೂಪಾಯಿಗಳ ಬಹುಮಾನವನ್ನು ಸಾರಿತು. ಅದರ ಷರತ್ತುಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಬೆಲೆ 150 ರೂಪಾಯಿಗಳನ್ನು ಮೀರಬಾರದು; ಕಾಲಕಾಲಕ್ಕೆ ದುರಸ್ತಿಮಾಡಿದರೆ ಕಡಿಮೆಯೆಂದರೂ 20 ವರ್ಷ ನಡೆಯಬೇಕು; ಸವೆದ ಭಾಗಗಳನ್ನು ಬದಲಾಯಿಸುವ ವರ್ಷದ ಖರ್ಚು ಯಂತ್ರದ ಬೆಲೆಯ ನೂರಕ್ಕೆ ಐದನ್ನು ದಾಟಬಾರದು. ಬಹುಮಾನ ಯಾರಿಗೂ ಸಲ್ಲಲಿಲ್ಲ. ಆದರೆ ಷರತ್ತುಗಳ ಬೆಲೆ ಅದರಿಂದ ಕುಂದುವುದಿಲ್ಲ. ಯಂತ್ರ ಬೇಡವೆಂದು ಅವು ಹೇಳಲಿಲ್ಲ. ಯಂತ್ರವನ್ನು ಇಟ್ಟುಕೊಳ್ಳುವವನಿಗೆ ಅದನ್ನು ಸಾಕುವ ಶಕ್ತಿಯೂ ಇರಬೇಕೆಂದು ಹೇಳಿದವು. ಇಂದು ಒಂದು ವಾಹನವನ್ನು ಕೊಳ್ಳಲು ಹೋದವರಲ್ಲಿ ಎಷ್ಟು ಮಂದಿ ಈ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ? ಬಣ್ಣ ಯಾವುದಿದೆ, ಕಂತು ಎಷ್ಟು ಎಂದು ಕೇಳಿ ಬರುತ್ತೇವೆ.

ನಮ್ಮಲ್ಲಿ ಯಂತ್ರಕ್ಕೆ ಪೂಜೆಯಿಲ್ಲವೆಂದಲ್ಲ. ಆಯುಧಪೂಜೆಯ ದಿನ ಗಾಡಿಗೆ ಸ್ನಾನ, ಕುಂಕುಮ, ಚೆಂಡುಹೂವಿನ ಹಾರ. ಚಕ್ರದ ಕೆಳಗೆ ನಿಂಬೆಹಣ್ಣು, ಮುಂದೆ ಬೂದುಗುಂಬಳಕಾಯಿ. ಇದು ಸುಂದರವಾದ ಸಂಪ್ರದಾಯ. ಉಪಕರಣಕ್ಕೆ ಕೃತಜ್ಞತೆ ಹೇಳುವ ಸಂಸ್ಕೃತಿ ಸಣ್ಣದಲ್ಲ. ಆದರೆ ಮರುದಿನದಿಂದ ಮುಂದಿನ ಆಯುಧಪೂಜೆಯವರೆಗೆ ಆ ಗಾಡಿಯ ಪಕ್ಕದ ಮುಚ್ಚಳವನ್ನು ತೆರೆದು ನೋಡುವವರಿಲ್ಲದಿದ್ದರೆ, ಅದು ತಾಯಿಗೆ ವರ್ಷಕ್ಕೊಮ್ಮೆ ಸೀರೆ ಕೊಟ್ಟು ಮಿಕ್ಕ ದಿನ ಊಟ ವಿಚಾರಿಸದ ಮಗನ ಭಕ್ತಿಯಂತಾಗುತ್ತದೆ. ನಮ್ಮ ದೇವತೆಗಳನ್ನೇ ನೋಡಿ: ಶಿವನಿಗೆ ನಂದಿ, ಗಣಪತಿಗೆ ಇಲಿ, ಸುಬ್ರಹ್ಮಣ್ಯನಿಗೆ ನವಿಲು. ಯುಗಗಳು ಕಳೆದುವು, ಹಳೆಯದನ್ನು ಕೊಟ್ಟು ಹೊಸದನ್ನು ತಂದವರು ಒಬ್ಬರೂ ಇಲ್ಲ. 2018ರಲ್ಲಿ ಮೈಸೂರಿನವರೊಬ್ಬರು ತಂದೆ ಕೊಡಿಸಿದ್ದ ಹಳೆಯ ಚೇತಕ್ಕಿನಲ್ಲಿ ವೃದ್ಧ ತಾಯಿಯನ್ನು ಕೂರಿಸಿಕೊಂಡು ದೇಶದ ತೀರ್ಥಯಾತ್ರೆಗೆ ಹೊರಟ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಜನ ಮಗನ ಭಕ್ತಿಯನ್ನು ಮೆಚ್ಚಿದರು; ಮೆಚ್ಚತಕ್ಕದ್ದೇ. ಆ ಸ್ಕೂಟರನ್ನು ಅಷ್ಟು ವರ್ಷ ಅಷ್ಟು ದೂರಕ್ಕೆ ಯೋಗ್ಯವಾಗಿ ಇಟ್ಟುಕೊಂಡ ಕೈಗಳನ್ನೂ ನಾನು ಮನಸ್ಸಿನಲ್ಲೇ ಮೆಚ್ಚಿದೆ.

ಇನ್ನು ಆಕ್ಷೇಪಣೆಗಳಿಗೆ ಬರೋಣ. ಮೊದಲನೆಯದು ಹೊಗೆ. ಇದು ನಿಜವಾದ ಆಕ್ಷೇಪಣೆ. ಹಾರಿಕೆಯ ಉತ್ತರ ಸಲ್ಲದು. ಇಂಥ ಎಂಜಿನಿನಲ್ಲಿ ಸುಟ್ಟ ಅನಿಲ ಹೊರಗೆ ಹೋಗುವ ದ್ವಾರವೂ ಹೊಸ ಪೆಟ್ರೋಲು ಗಾಳಿಯೊಡನೆ ಒಳಗೆ ಬರುವ ದ್ವಾರವೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಬಂದ ಪೆಟ್ರೋಲಿನಲ್ಲಿ ಒಂದು ಪಾಲು ಉರಿಯದೆಯೇ ಹೊರಟುಹೋಗುತ್ತದೆ. ಜೊತೆಗೆ ಎಣ್ಣೆಯ ಹೊಗೆ. ಎಷ್ಟು ಜೋಪಾನ ಮಾಡಿದರೂ ಈ ಹುಟ್ಟುಗುಣ ಪೂರ್ತಿಯಾಗಿ ಹೋಗದು. ಇಂಥ ಗಾಡಿಗಳು ಲಕ್ಷಗಟ್ಟಲೆ ನಗರದಲ್ಲಿ ಓಡಬೇಕೆಂದು ನಾನು ಬಯಸುವುದಿಲ್ಲ. ನನ್ನದನ್ನೂ ಈಗ ವಾರಕ್ಕೊಂದೆರಡು ಸಲ ಮಾತ್ರ ಹೊರಗೆ ತೆಗೆಯುತ್ತೇನೆ. ಆದರೆ ಉಳಿಸಬೇಕೆಂದು ನಾನು ವಾದಿಸುತ್ತಿರುವುದು ಆ ಎಂಜಿನನ್ನಲ್ಲ, ಅದರೊಡನೆ ಬೆಳೆದ ಅಭ್ಯಾಸವನ್ನು. ಅಜ್ಜಿಯ ಒಲೆಯ ಹೊಗೆ ಬೇಡವೆಂದವರು ಅವಳ ಅಡುಗೆಯನ್ನೂ ಮರೆಯಬೇಕಾಗಿಲ್ಲ.

ಎರಡನೆಯ ಆಕ್ಷೇಪಣೆ: ಎಲ್ಲರೂ ಮನೆಯಲ್ಲೇ ರಿಪೇರಿಗೆ ಕೂತರೆ ಮೆಕ್ಯಾನಿಕ್ಕರ ಹೊಟ್ಟೆಪಾಡೇನು? ನನ್ನ ಅನುಭವ ಇದಕ್ಕೆ ವಿರುದ್ಧವಾದುದು. ತಾನೇ ಒಮ್ಮೆ ಕೇಬಲ್ಲು ಹಾಕಿ ಬೆವರಿಳಿಸಿದವನು ಮೆಕ್ಯಾನಿಕ್ಕಿನ ಕೂಲಿಗೆ ಚೌಕಾಸಿ ಮಾಡುವುದಿಲ್ಲ. ಯಾವುದು ತನ್ನಿಂದಾಗದು ಎಂಬುದು ಅವನಿಗೆ ಗೊತ್ತು. ಅದನ್ನು ಮಾಡಬಲ್ಲವನ ಮುಂದೆ ಅವನು ತಲೆಬಾಗುತ್ತಾನೆ. ಏನೂ ತಿಳಿಯದವನೇ ಮೆಕ್ಯಾನಿಕ್ಕನ್ನು ಸಂಶಯದಿಂದ ನೋಡುವುದು. ಆ ಬೀದಿಯಂಚಿನ ಅಂಗಡಿಗಳನ್ನು ನಿಜವಾಗಿ ಮುಚ್ಚಿಸುತ್ತಿರುವುದು ಮನೆಯ ಸ್ಪ್ಯಾನರಲ್ಲ. ಹೊರಗಿನವರು ಬಿಚ್ಚಲಾರದ ಹಾಗೆ ಮಾಡಿದ ಗಾಡಿಗಳು.

ಇಲ್ಲಿಗೆ ನಾವು ಇಂದಿನ ಮಾತಿಗೆ ಬಂದೆವು. ಬಜಾಜ್ ಕಂಪನಿ 2009ರಲ್ಲಿ ಸ್ಕೂಟರುಗಳಿಗೆ ವಿದಾಯ ಹೇಳಿತು. 2020ರಲ್ಲಿ ಅದೇ ಚೇತಕ್ ಹೆಸರು ವಿದ್ಯುತ್ತಿನ ಗಾಡಿಯಾಗಿ ಮರಳಿತು. ವಿದ್ಯುತ್ತಿನ ಸ್ಕೂಟರುಗಳನ್ನು ನಾನು ಸಂತೋಷದಿಂದ ಸ್ವಾಗತಿಸುತ್ತೇನೆ. ಅವುಗಳಿಗೆ ಪ್ಲಗ್ಗಿಲ್ಲ, ಮಸಿಯಿಲ್ಲ, ಬೀದಿಯಲ್ಲಿ ಹೊಗೆಯಿಲ್ಲ. ಚಲಿಸುವ ಭಾಗಗಳು ಕಡಿಮೆ, ಆದುದರಿಂದ ಸವೆತವೂ ಕಡಿಮೆ. ಬ್ರೇಕು, ಟೈರು, ಬೇರಿಂಗುಗಳು ಅಲ್ಲಿಯೂ ಇವೆ. ಅವುಗಳನ್ನು ನೋಡಿಕೊಳ್ಳಲು ಮನೆಯವರು ಕಲಿಯಬಹುದು. ಬ್ಯಾಟರಿಯೊಳಗೆ ಕೈಹಾಕುವುದು ಮಾತ್ರ ಅಪಾಯ. ಅದು ತಿಳಿದವರ ಕೆಲಸ. ಆದರೆ ತಿಳಿದವರೆಂದರೆ ಯಾರು? ಮಾರಿದ ಕಂಪನಿಯವರು ಮಾತ್ರವೋ, ಕಲಿತು ಪರಿಣತನಾದ ಯಾವ ಊರಿನ ಯಾವ ಮೆಕ್ಯಾನಿಕ್ಕಾದರೂ ಆಗಬಹುದೊ? ಗಾಡಿಯ ದೋಷವನ್ನು ಹೇಳುವ ಸಂಕೇತಗಳು ಅವನಿಗೂ ಓದಲು ದೊರೆಯುವುವೆ? ಕಾನೂನು ಹದಿನೈದು ವರ್ಷಕ್ಕೆ ನೋಂದಣಿ ಕೊಡುತ್ತದೆ. ಹತ್ತನೆಯ ವರ್ಷದಲ್ಲಿ ಬ್ಯಾಟರಿ ಸೋತರೆ ಅದಕ್ಕೆ ಹೊಂದುವ ಇನ್ನೊಂದು ಸಿಕ್ಕುವುದೆ, ಕೈಗೆಟಕುವ ಬೆಲೆಗೆ? ಪ್ಲಗ್ಗಿನ ಬಣ್ಣವನ್ನು ಓದಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಹೊಸ ಗಾಡಿಯ ಭಾಷೆಯನ್ನು ಓದಲು ಅಪ್ಪಣೆ ಬೇಕಾದರೆ ನಾವು ಒಡೆಯರಲ್ಲ, ಒಕ್ಕಲು.

ಈ ಅರಿವು ಜಗತ್ತಿನಲ್ಲಿ ಮೂಡುತ್ತಿದೆ ಎಂಬುದು ಸಮಾಧಾನದ ಸಂಗತಿ. ನಮ್ಮ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆಯಿತು; ಐರೋಪ್ಯ ಒಕ್ಕೂಟ 2024ರಲ್ಲಿ ಮನೆಬಳಕೆಯ ಹಲವು ಉಪಕರಣಗಳ ರಿಪೇರಿಗೆ ಸಂಬಂಧಿಸಿ ನಿಯಮವನ್ನೇ ಮಾಡಿತು. ಆದರೆ ಹಕ್ಕು ಕಾಗದದ ಮೇಲಿದ್ದರೆ ಸಾಲದು. ಬಳಸುವ ಕೈಗಳು ಬೇಕು. ಸ್ಪ್ಯಾನರು ಹಿಡಿಯಲು ಬಾರದವನಿಗೆ ರಿಪೇರಿಯ ಹಕ್ಕು ಕೊಟ್ಟರೆ, ಓದಲು ಬಾರದವನಿಗೆ ಗ್ರಂಥಾಲಯದ ಬೀಗದಕೈ ಕೊಟ್ಟಂತೆ.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಬಿನ್ನಹ. ನಮ್ಮ ವಿದ್ಯಾರ್ಥಿಗಳು ಶಾಖಯಂತ್ರದ ಚಿತ್ರವನ್ನು ಅಚ್ಚುಕಟ್ಟಾಗಿ ಬರೆದು ಅಂಕ ಪಡೆಯುತ್ತಾರೆ. ಅವರಲ್ಲಿ ಎಷ್ಟು ಮಂದಿ ಒಂದು ಪಿಸ್ಟನ್ನನ್ನು ಕೈಯಲ್ಲಿ ಹಿಡಿದಿದ್ದಾರೆ? ಓಡಲಾರದೆ ಗುಜರಿಗೆ ಹೋಗುವ ಸ್ಕೂಟರುಗಳು ಪ್ರತಿ ತಾಲೂಕಿನಲ್ಲೂ ಇವೆ. ಅಂಥದೊಂದನ್ನು ಪ್ರೌಢಶಾಲೆಯ ಅಂಗಳಕ್ಕೆ ತಂದಿಡಿ. ಪೆಟ್ರೋಲು ಬೇಡ, ರಸ್ತೆ ಬೇಡ. ಊರಿನ ಮೆಕ್ಯಾನಿಕ್ಕರೊಬ್ಬರನ್ನು ವಾರಕ್ಕೊಂದು ಗಂಟೆ ಕರೆದು, ಕುರ್ಚಿ ಕೊಟ್ಟು, ಗೌರವಧನ ಕೊಟ್ಟು, ಅವರಿಂದ ಪಾಠ ಹೇಳಿಸಿ. ಹುಡುಗರೂ ಹುಡುಗಿಯರೂ ಅದನ್ನು ಬಿಚ್ಚಲಿ, ಜೋಡಿಸಲಿ; ಮತ್ತೆ ಬಿಚ್ಚಲಿ. ಮಸಿಯಾದ ಆ ಕೈಗಳಿಂದಲೇ ಮರುದಿನ ಅವರು ಕಾವ್ಯದ ಪುಟವನ್ನು ಮಗುಚಲಿ. ಕಾವ್ಯಕ್ಕೆ ಅದರಿಂದ ಕುಂದೇನೂ ಬಾರದು. ಮೆಕ್ಯಾನಿಕ್ಕರನ್ನು ಅವರು "ಸರ್" ಎಂದು ಕರೆಯುವುದನ್ನು ಕಲಿತರೆ, ಗಾಡಿ ಹೊರಡದಿದ್ದರೂ ಪಾಠ ಸಾರ್ಥಕವಾಯಿತೆಂದೇ ನಾನು ತಿಳಿಯುತ್ತೇನೆ.